ಅಂಚಿನ ಲಾಳಿ ಹಿಡಿದವರು ಯಾರು?

ಹೊಸದಾಗಿ ಕೆಲಸಕ್ಕೆ ಸೇರಿದವರ ತರಬೇತಿಗೆ ನನ್ನನ್ನು ಒಮ್ಮೆ ಕರೆದಿದ್ದರು. "ನಿಮ್ಮ ಸೇವಾವಧಿಯ ಸಾಧನೆಗಳ ಬಗ್ಗೆ ಹತ್ತು ನಿಮಿಷ ಮಾತಾಡಿ ಮೇಡಂ" ಎಂದರು. ಹತ್ತು ನಿಮಿಷಕ್ಕೆ ಸಾಲುವಷ್ಟು ಸಾಧನೆ ನನ್ನಲ್ಲಿಲ್ಲ, ತಪ್ಪುಗಳಾದರೆ ಇಡೀ ದಿನಕ್ಕಾಗುವಷ್ಟಿವೆ, ಅವನ್ನು ಹೇಳಲೇ ಎಂದು ಕೇಳಿದೆ. ಅವರು ನಕ್ಕು, ಹಾರ ಹಾಕಿ, ಊಟಕ್ಕೆ ಕೂರಿಸಿ ಕಳಿಸಿದರು. ಅವತ್ತು ಗಂಟಲಲ್ಲೇ ಉಳಿದದ್ದನ್ನು ಈಗ ಬರೆಯುತ್ತಿದ್ದೇನೆ. ಹಾರ ಹಾಕಿದವರು ಓದದಿದ್ದರೂ ನನಗೇನೂ ಬೇಜಾರಿಲ್ಲ.

ನಾನು ಪ್ರೊಬೇಷನ್ ಅಧಿಕಾರಿಯಾಗಿದ್ದೆ. ಹೆಸರು ದೊಡ್ಡದು, ಕೆಲಸ ತಿರುಗಾಟದ್ದು. ಜೀವಾವಧಿ ಶಿಕ್ಷೆಯ ಕೈದಿಯೊಬ್ಬ ಹದಿನಾಲ್ಕು ವರ್ಷ ಕಳೆದ ಮೇಲೆ ಬಿಡುಗಡೆಗೆ ಅರ್ಜಿ ಹಾಕಿದರೆ ಸರ್ಕಾರಕ್ಕೆ ನಾಲ್ಕು ವಿಷಯ ಗೊತ್ತಾಗಬೇಕು. ಅವನಿಗೆ ಮನೆ ಇದೆಯೇ, ಮನೆಯವರು ಸೇರಿಸುತ್ತಾರೆಯೇ, ಬಂದ ಮೇಲೆ ಏನು ಮಾಡಿ ಬದುಕುತ್ತಾನೆ, ಸತ್ತವನ ಕಡೆಯವರು ಏನನ್ನುತ್ತಾರೆ. ಊರಿಗೆ ಹೋಗಿ ಇದನ್ನು ಕೇಳಿ ಬರೆಯಲು ಒಬ್ಬರು ಬೇಕಲ್ಲ. ತೊಂಬತ್ತರ ದಶಕದಿಂದ ಹದಿನೈದು ವರ್ಷದಷ್ಟು ಕಾಲ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳಿಗೆ ಆ ಒಬ್ಬರು ನಾನೇ. ಜೀಪು ಇರಲಿಲ್ಲ. ಪರಶುರಾಂಪುರದ ಬಸ್ಸಿನಲ್ಲಿ ಈರುಳ್ಳಿ ಮೂಟೆಯ ಮೇಲೆ ಕೂತು ಬರೆದ ವರದಿಗಳಿವೆ. ಅಕ್ಷರ ಓದಲಾಗುತ್ತಿಲ್ಲ ಎಂದು ಒಮ್ಮೆ ಮೆಮೊ ಬಂತು. ಅಲುಗಾಡಿದ್ದು ಬಸ್ಸು, ಮೆಮೊ ಅದಕ್ಕೆ ಕೊಡಿ ಎಂದು ಉತ್ತರ ಬರೆದೆ. ನನ್ನ ಬಡ್ತಿ ಯಾಕೆ ತಡವಾಯಿತು ಎಂದು ಯಾರೂ ಕೇಳಬೇಕಾಗಿಲ್ಲ.

ನನ್ನ ಮೇಲಧಿಕಾರಿಯನ್ನು ಎಲ್ಲರೂ ಸಾಹೇಬರು ಎನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತೇನೆ. ಕೆಟ್ಟ ಮನುಷ್ಯರಲ್ಲ. "ಕಥೆ ಬೇಡ, ಕಾಲಂ ತುಂಬಿ" ಅನ್ನುವುದು ಅವರ ಮಂತ್ರ. ಮನೆ ಇದೆ, ಸೇರಿಸುತ್ತಾರೆ, ಆಕ್ಷೇಪಣೆ ಇಲ್ಲ, ಮೂರು ಸಾಲು ಸಾಕು. ನಾನು ಸೇರಿದ ಹೊಸದರಲ್ಲಿ ಅವರು ಎರಡು ಪಾಠ ಹೇಳಿಕೊಟ್ಟರು. ಒಂದು, ಇಷ್ಟು ದಿನ ಅವನು ಎಲ್ಲಿದ್ದ ಎಂಬುದಕ್ಕೆ ಮನೆಯವರಿಗೆ ಒಂದು ಒಳ್ಳೆಯ ಸುಳ್ಳು ಕಲಿಸು. ಎರಡು, ಬಿಡುಗಡೆಯಾದವನನ್ನು ಕೊನೆಯ ಬಸ್ಸಿಗೆ ಹತ್ತಿಸು, ಕತ್ತಲಲ್ಲಿ ಮನೆ ಸೇರಲಿ. ಎರಡನ್ನೂ ನಂಬಿದೆ.

ಮೊದಲ ಪಾಠದ ಗತಿ ಏನಾಯಿತು ಎಂದು ಹೇಳಿಬಿಡುತ್ತೇನೆ. ಚಳ್ಳಕೆರೆಯಲ್ಲಿ ಬಾಷಾ ಎಂಬ ಟ್ರಾಕ್ಟರ್ ಮೆಕ್ಯಾನಿಕ್ ಒಂದು ಹೊಡೆದಾಟದ ಕೇಸಿನಲ್ಲಿ ಏಳು ವರ್ಷ ಒಳಗಿದ್ದ. ಅವನು ಹೋದಾಗ ಹೆಂಡತಿ ಜುಲೇಖಾ ಬಸುರಿ. ಮಗಳು ಅಪ್ಪನ ಮುಖವನ್ನೇ ನೋಡಿರಲಿಲ್ಲ. ಬಿಡುಗಡೆಗೆ ಆರು ತಿಂಗಳಿರುವಾಗ ನಾನು ಹೋಗಿ, ಅಪ್ಪ ಸೌದಿಯಲ್ಲಿ ಕೆಲಸಕ್ಕಿದ್ದಾನೆ ಎಂದು ಮಗುವಿಗೆ ಹೇಳಿ ಅಂದೆ. ಬೀದಿಯಲ್ಲಿ ಇನ್ನೂ ನಾಲ್ಕು ಮನೆಯ ಗಂಡಸರು ಸೌದಿಯಲ್ಲಿದ್ದರು, ಹೊಂದುತ್ತದೆ ಎಂಬ ಲೆಕ್ಕಾಚಾರ. ನನ್ನ ಜಾಣತನವನ್ನು ನಾನೇ ಮೆಚ್ಚಿಕೊಂಡಿದ್ದೆ.

ಬಾಷಾ ಬಂದ. ಹುಡುಗಿ ಹೊಸ ಫ್ರಾಕು ಹಾಕಿಕೊಂಡು ಓಡಿಬಂದಳು. "ಅಬ್ಬಾ, ಕ್ಯಾ ಲಾಯೇ?" ಏನು ತಂದಿರಿ ಅಂತ. ಸೌದಿಯಿಂದ ಬಂದ ಅಪ್ಪಂದಿರು ಕಣ್ಣು ಮುಚ್ಚಿ ತೆರೆಯುವ ಗೊಂಬೆ ತರುತ್ತಾರೆ, ಅವಳು ನೋಡಿದ್ದಾಳೆ. ಬಾಷಾನ ಬಟ್ಟೆಚೀಲದಲ್ಲಿ ಎರಡು ಅಂಗಿ, ಒಂದು ಟವಲ್ ಇದ್ದವು. ಅವಳು ಚೀಲವನ್ನು ತಲೆಕೆಳಗು ಮಾಡಿ ಕೊಡವಿದಳು. ಅವನು ನನ್ನ ಕಡೆ ನೋಡಿದ. ಆಮೇಲೆ ನೆಲದ ಮೇಲೆ ಕೂತು ಅವಳನ್ನು ತೊಡೆಗೆ ಎಳೆದುಕೊಂಡು "ಸೌದಿ ನಹೀ ಬೇಟಾ, ಜೈಲ್" ಎಂದ. ಜುಲೇಖಾ ನನ್ನನ್ನು ಬಾಗಿಲಿನವರೆಗೂ ಕಳಿಸಲು ಬಂದವಳು ಮೆಲ್ಲಗೆ ಹೇಳಿದಳು: "ನೀವು ಬಸ್ ಹತ್ತಿ ಹೋಗ್ತೀರಿ ಮೇಡಂ. ಇನ್ಮೇಲೆ ನಾನು ಏನು ಹೇಳಿದ್ರೂ ಇವಳು ನಂಬಲ್ಲ."

ಅವತ್ತಿನಿಂದ ಮನೆಯವರಿಗೆ ಸುಳ್ಳು ಕಲಿಸುವುದನ್ನು ಬಿಟ್ಟೆ. ನಾನೇ ಸುಳ್ಳು ಬರೆಯುವುದನ್ನು ಬಿಟ್ಟಿರಲಿಲ್ಲ ಎಂದು ಗೊತ್ತಾಗಿದ್ದು ಕೆಲವು ವರ್ಷಗಳ ನಂತರ, ಮೊಳಕಾಲ್ಮೂರು ತಾಲ್ಲೂಕಿನ ಕೊಂಡ್ಲಹಳ್ಳಿಯಲ್ಲಿ.

ಅಲ್ಲಿ ನಾಗಭೂಷಣ ಎಂಬ ರೇಷ್ಮೆ ಸೀರೆಯ ನೇಕಾರ. ಬೀದಿ ನಲ್ಲಿಯ ಹತ್ತಿರ ನೀರಿನ ಸರದಿಗೆ ಶುರುವಾದ ಜಗಳದಲ್ಲಿ ಅದೇ ಬೀದಿಯ ರಾಮಾಂಜಿ ಎಂಬ ನೇಕಾರನ ತಲೆಗೆ ಕಟ್ಟಿಗೆಯಿಂದ ಹೊಡೆದ. ಮೂರನೇ ದಿನ ರಾಮಾಂಜಿ ತೀರಿಕೊಂಡ. ನಾಗಭೂಷಣ ಬಳ್ಳಾರಿ ಜೈಲಿಗೆ ಹೋದ. ಆಗ ಅವನ ಮಗಳು ಸರೋಜಳಿಗೆ ಹನ್ನೊಂದು ವರ್ಷ. ಅವಳಿಗೆ ಹತ್ತೊಂಬತ್ತಾದಾಗ ತಾಯಿ ಸತ್ತಳು. ಪೊಲೀಸರು ನಾಗಭೂಷಣನನ್ನು ನೇರ ಮಸಣಕ್ಕೆ ಕರೆತಂದು, ಮಣ್ಣು ಹಾಕಿಸಿ, ಮನೆ ಹೊಸಿಲು ತುಳಿಸದೆ ವಾಪಸು ಕರೆದುಕೊಂಡು ಹೋದರು. ನಾನು ಮೊದಲ ಸಲ ಆ ಮನೆಗೆ ಹೋದಾಗ ಸರೋಜಳಿಗೆ ಇಪ್ಪತ್ತೈದು. ಮನೆಯಲ್ಲಿ ಅವಳು, ಮತ್ತೆ ನಾಗಭೂಷಣನ ತಾಯಿ ಲಕ್ಷ್ಮವ್ವ, ಇಬ್ಬರೇ.

ಮುಂದಿನ ಪಡಸಾಲೆಯಲ್ಲೇ ಮಗ್ಗ. ಮಗ್ಗದ ಕೆಳಗಿನ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದ ಸರೋಜ ನನ್ನನ್ನು ಕಂಡು ಕೈ ನಿಲ್ಲಿಸಿದಳು. ಲಕ್ಷ್ಮವ್ವ ಮೂಲೆಯಲ್ಲಿ ರಾಟೆಯ ಮುಂದೆ ಕೂತು ಕಂಡಿಕೆ ಸುತ್ತುತ್ತಿದ್ದರು. ಕಂಡಿಕೆ ಎಂದರೆ ಮಗ್ಗದಲ್ಲಿ ಅತ್ತಿಂದಿತ್ತ ಓಡುವ ಲಾಳಿಯ ಹೊಟ್ಟೆಯೊಳಗೆ ಕೂರುವ ಸಣ್ಣ ನೂಲಿನ ಸುರುಳಿ. ಕಣ್ಣು ಮಂಜಾದ ಮುದುಕಿ, ಬೆರಳಲ್ಲೇ ನೂಲು ನೋಡುತ್ತಿದ್ದರು.

"ಬಿಡ್ತಾರಾ ಮೇಡಮ್ನೋರೆ, ನನ್ನ ಮಗನ್ನ?" ಎಂದರು. "ಕಣ್ಣು ಹೋಗಾಯ್ತು. ಮುಖ ಮುಟ್ಟಿಯಾದ್ರೂ ನೋಡ್ಬೇಕು. ಅದಕ್ಕೇ ಜೀವ ಹಿಡ್ಕೊಂಡಿದೀನಿ."

ನಾನು ಸರೋಜಳ ಕಡೆ ತಿರುಗಿ ಕೇಳಿದೆ. "ಅಪ್ಪ ಬಂದ್ರೆ ಮಗ್ಗ ನೇಯ್ತಾರಲ್ಲಮ್ಮ?"

"ಅವರು ನೇಕಾರ್ರೇ ಅಲ್ವಾ" ಎಂದಳು.

ಅದನ್ನು ಹೌದು ಎಂದು ಬರೆದುಕೊಂಡೆ. ಅವರು ನೇಕಾರರು ಎನ್ನುವುದಕ್ಕೂ, ಈ ಮಗ್ಗ ಬಿಟ್ಟುಕೊಡುತ್ತೇನೆ ಎನ್ನುವುದಕ್ಕೂ ಇರುವ ದೂರ ನನ್ನ ಕಿವಿಗೆ ಬೀಳಲಿಲ್ಲ. ನಿಮಗೆ ಹೇಳುತ್ತೇನೆ, ಊರಿನ ಹೆಣ್ಣುಮಕ್ಕಳು ಅಧಿಕಾರಿಯ ಮುಂದೆ ಇಲ್ಲ ಎನ್ನುವುದಿಲ್ಲ. ಬೇರೆ ಏನಾದರೂ ಹೇಳುತ್ತಾರೆ. ಆ ಬೇರೆ ಮಾತನ್ನು ಕೇಳಿಸಿಕೊಳ್ಳಲು ನನಗೆ ಹತ್ತು ವರ್ಷದ ಸರ್ವಿಸ್ ಸಾಲಲಿಲ್ಲ.

ಆಮೇಲೆ ರಾಮಾಂಜಿಯ ಹೆಂಡತಿ ಈಶ್ವರಮ್ಮನನ್ನು ಹುಡುಕಿ ಹೊರಟೆ. ಮೂರು ಮನೆ ಆಚೆ ಅವರ ಮನೆ, ಬೀಗ ಹಾಕಿತ್ತು. ಪಕ್ಕದ ಮನೆಯವರನ್ನು ಕೇಳಿದರೆ "ಊರಾಗಿಲ್ಲ ಅನ್ಸ್ತೈತೆ ರೀ" ಎಂದರು. ಎದುರು ಮನೆಯವರು "ಕೂಲಿಗೆ ಹೋಗಿರ್ಬೇಕು" ಎಂದರು. ಇನ್ನೊಬ್ಬರು ತೆಲುಗಿನಲ್ಲಿ "ತೆಲೀದು" ಎಂದು ಒಳಗೆ ಹೋದರು, ಗೊತ್ತಿಲ್ಲವಂತೆ. ಇನ್ನೆರಡು ಸಲ ಹೋದೆ. ಅದೇ ಬೀಗ. ಕೊನೆಗೆ "ಮೃತನ ಪತ್ನಿ ಊರಿನಲ್ಲಿ ವಾಸವಿಲ್ಲವೆಂದು ತಿಳಿದುಬಂದಿದೆ, ಆಕ್ಷೇಪಣೆ ಇಲ್ಲ. ಕೈದಿಗೆ ಸ್ವಂತ ಮಗ್ಗವಿದೆ, ನೇಯ್ದು ಜೀವಿಸುತ್ತಾನೆ" ಎಂದು ಬರೆದು ಕೊಟ್ಟೆ. ಸಾಹೇಬರಿಗೆ ಖುಷಿಯೋ ಖುಷಿ. "ನೋಡಿ, ಈಗ ಕಲಿತಿರಿ" ಎಂದು ಆ ದಿನವೇ ಮೇಲಕ್ಕೆ ಕಳಿಸಿದರು.

ಇಷ್ಟಕ್ಕೆ ಸುಮ್ಮನಿರಬಾರದೇ? ಬಳ್ಳಾರಿಗೆ ಹೋಗಿ ನಾಗಭೂಷಣನಿಗೂ ಹೇಳಿದೆ. "ನಿಮ್ಮ ಮಗ್ಗ ನಿಮಗೋಸ್ಕರ ಕಾಯ್ತಾ ಇದೆ." ಅವನು ತನ್ನ ಬೆರಳುಗಳನ್ನು ನೋಡಿಕೊಂಡ. "ಇಲ್ಲಿ ದಪ್ಪ ನೂಲು ನೇಯ್ದು ನೇಯ್ದು ಕೈ ಒರಟಾಗೈತೆ ಮೇಡಂ. ರೇಷ್ಮೆ ಹಿಡೀತೈತೋ ಇಲ್ವೋ" ಎಂದು ಅತ್ತ. ಒಳ್ಳೆಯ ಕೆಲಸ ಮಾಡಿದೆ ಎಂದುಕೊಂಡು ಬಸ್ಸು ಹತ್ತಿದೆ.

ಮೊಳಕಾಲ್ಮೂರಿನಲ್ಲಿ ಬಸ್ಸು ಬದಲಿಸಿದಾಗ ಪಕ್ಕದಲ್ಲಿ ಸೀರೆ ಗಂಟು ತೊಡೆಯ ಮೇಲಿಟ್ಟುಕೊಂಡ ವಯಸ್ಸಾದ ನೇಕಾರರೊಬ್ಬರು ಕೂತರು. ಮಾತು ಶುರುವಾಗಿ ಗಂಟು ಬಿಚ್ಚಿ ತೋರಿಸಿದರು. ಹಸಿರು ಒಡಲು, ಎರಡು ಕಡೆ ಕೆಂಪು ಅಂಚು. ಇದೇ ತರಹದ್ದನ್ನು ಕೊಂಡ್ಲಹಳ್ಳಿಯಲ್ಲಿ ಸರೋಜ ಎಂಬ ಹುಡುಗಿ ನೇಯುವುದನ್ನು ನೋಡಿದೆ ಎಂದು ನನ್ನ ತಿಳಿವಳಿಕೆ ತೋರಿಸಿದೆ.

"ಗೊತ್ತು. ಆ ಹುಡುಗಿ ಅಂಚು ಚೆನ್ನಾಗಿರ್ತೈತೆ. ಜೊತೆಗೆ ಯಾರು ಕೂತಿದ್ರು?"

"ಯಾರೂ ಇಲ್ಲ. ಒಬ್ಬಳೇ."

ಅವರು ಬಸ್ಸಿನವರೆಲ್ಲ ತಿರುಗಿ ನೋಡುವ ಹಾಗೆ ನಕ್ಕರು. "ಅವಳಿಗೇನು ಮೂರು ಕೈ ಐತಾ ಮೇಡಂ? ನೋಡ್ರಿ ಇಲ್ಲಿ. ಒಡಲಿಗೊಂದು ಬಣ್ಣ, ಅಂಚಿಗೊಂದು ಬಣ್ಣ. ಈ ಕಡೆ ಅಂಚಿಗೆ ಒಂದು ಲಾಳಿ, ಒಡಲಿಗೆ ಒಂದು, ಆ ಕಡೆ ಅಂಚಿಗೆ ಇನ್ನೊಂದು. ಮೂರು ಲಾಳಿ. ಗುಂಡಿಯಾಗೆ ಕೂತೋರಿಗೆ ಎರಡೇ ಕೈ. ಪಕ್ಕದಾಗೆ ಇನ್ನೊಬ್ರು ಕೂತು ಅಂಚಿನ ಲಾಳಿ ಎಸೀಬೇಕು. ಇಲ್ಲಾಂದ್ರೆ ಸಾದಾ ಸೀರೆ ನೇಯ್ಬೇಕಾಗ್ತೈತೆ."

"ಅಜ್ಜಿ ಇದ್ದಾರಲ್ಲ."

"ಲಕ್ಷ್ಮವ್ವಂಗೆ ಕಣ್ಣೆಲ್ಲೈತೆ? ಊರಿಗೆಲ್ಲ ಗೊತ್ತಿರೋದು ನಿಮಗೆ ಗೊತ್ತಿಲ್ವಾ?" ಎಂದವರು ಅದಕ್ಕಿಂತ ಹೆಚ್ಚು ಹೇಳದೆ ಗಂಟು ಕಟ್ಟಿಕೊಂಡು ತಮ್ಮ ಊರಲ್ಲಿ ಇಳಿದರು.

ನನಗೆ ಮೈಯೆಲ್ಲ ಉರಿಯಿತು. ಹತ್ತು ವರ್ಷದಿಂದ ನೇಕಾರರ ಮನೆಗಳಿಗೆ ಹೋಗಿ ಬರುತ್ತಿದ್ದೆ, ಸೀರೆಯನ್ನೂ ಉಟ್ಟಿದ್ದೆ. ಒಂದು ಸೀರೆಗೆ ಎಷ್ಟು ಕೈ ಬೇಕೆಂದು ಕೇಳಿರಲಿಲ್ಲ. ಮುಂದಿನ ವಾರ ಯಾರಿಗೂ ಹೇಳದೆ ಹೋದೆ. ಊರಿನ ಸ್ಟಾಪಿಗಿಂತ ಮೊದಲೇ ಇಳಿದು, ಬೀದಿ ಬಿಟ್ಟು ಹಿತ್ತಿಲಿನ ಕಡೆಯಿಂದ ನಡೆದೆ. ಮಗ್ಗದ ಸದ್ದು ಕೇಳುತ್ತಿತ್ತು. ಅಡುಗೆಮನೆ ದಾಟಿ ಪಡಸಾಲೆಗೆ ಬಂದರೆ ಗುಂಡಿಯಲ್ಲಿ ಸರೋಜ, ಅವಳ ಬಲಕ್ಕೆ ಹಲಗೆಯ ಮೇಲೆ ಐವತ್ತರ ಆಸುಪಾಸಿನ ಒಬ್ಬ ಹೆಂಗಸು. ಹಣೆ ಬರಿದು. ಕೈಯಲ್ಲಿ ಅಂಚಿನ ಲಾಳಿ.

"ನೀವು ಯಾರಮ್ಮ?" ಎಂದೆ.

"ಮೂರು ಸಲ ನಮ್ಮನೆ ಬೀಗ ನೋಡ್ಕೊಂಡು ಹೋದ್ರಲ್ಲ, ಆ ಮನೆಯೋಳು" ಎಂದರು ಆ ಹೆಂಗಸು. ಈಶ್ವರಮ್ಮ.

ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಮೂರು ಸಲವೂ ಅವರು ಇದೇ ಮನೆಯಲ್ಲಿ, ಇದೇ ಹಲಗೆಯ ಮೇಲಿದ್ದರು. ನಾನು ಬೀದಿಗೆ ಬಂದದ್ದು ತಿಳಿದ ಕೂಡಲೇ ಹಿತ್ತಿಲಿಗೆ ಎದ್ದು ಹೋಗುತ್ತಿದ್ದರು. ಸತ್ತವನ ಹೆಂಡತಿಯನ್ನು ಊರೆಲ್ಲ ಹುಡುಕಿದ ಜಾಣೆ ನಾನು, ಅವರು ಕೊಂದವನ ಮನೆಯಲ್ಲಿರಬಹುದು ಎಂದು ಯೋಚಿಸಲೇ ಇಲ್ಲ.

ಇದು ಹೇಗಾಯಿತು ಎಂದು ಕೇಳಿದೆ. ಈಶ್ವರಮ್ಮ ಲಾಳಿ ಎಸೆಯುತ್ತಲೇ ಹೇಳಿದರು. "ಇವಳ ಅವ್ವ ಸತ್ತ ಮೇಲೆ ಎರಡು ತಿಂಗಳು ಮಗ್ಗದ ಸದ್ದೇ ಇರ್ಲಿಲ್ಲ. ಆಮೇಲೆ ಸಾದಾ ನೇಯ್ಗೆ ಸದ್ದು ಬರ್ತಿತ್ತು. ಮೂರು ಮನೆ ಆಚೆ ಕೂತ್ರೂ ನನಗೆ ಗೊತ್ತಾಗ್ತೈತೆ. ನಮ್ಮನೆ ಮಗ್ಗ ಗಂಡ ಹೋದ ವರ್ಷಾನೇ ಮಾರಿದ್ವಿ. ಶೇಂಗಾ ಕೀಳಾಕೆ ಹೋಗಿ ಹೋಗಿ ಬೆನ್ನು ಬಿದ್ದೋಗಿತ್ತು. ಇಲ್ಲಿ ಮಗ್ಗ ಇತ್ತು, ಕೈ ಸಾಲ್ತಿರ್ಲಿಲ್ಲ. ನನಗೆ ಕೈ ಇತ್ತು, ಮಗ್ಗ ಇರ್ಲಿಲ್ಲ. ಒಂದಿನ ಬಂದೆ. ಕೂತೆ."

"ನೀನೇನಂದೆ?" ಎಂದು ಸರೋಜಳನ್ನು ಕೇಳಿದೆ.

"ಏನಂತೀನಿ? ಲಾಳಿ ಕೊಟ್ಟೆ."

"ಹಾಗಾದ್ರೆ ಕ್ಷಮಿಸಿದ್ದೀರಿ ಅಂತ ಬರ್ಕೊಳ್ಳಲಾ?" ಎಂದು ಈಶ್ವರಮ್ಮನನ್ನು ಕೇಳಿದೆ. ನನ್ನ ಬುದ್ಧಿಗೆ ಏನು ಹೇಳಲಿ.

ಲಾಳಿ ನಿಂತಿತು. "ಕ್ಷಮೆ ಗಿಮೆ ಅಂತ ಬರೆದ್ರೆ ಆ ಕಾಗದ ಹರಿದು ಒಲೆಗೆ ಹಾಕ್ತೀನಿ. ನನ್ನ ಗಂಡನ್ನ ಸಾಯಿಸ್ದೋನು ಅವನು. ಇವಳಲ್ಲ. ನನ್ನ ಕಡೆಯೋರು ಮಾತು ಬಿಟ್ಟು ಆರು ವರ್ಷ ಆತು, ಕೊಲೆಗಾರನ ಮನೆಗೆ ಹೋಗ್ತಾಳೆ ಅಂತ. ಬಿಡ್ಲಿ. ಅವರೇನು ನನಗೆ ಅನ್ನ ಹಾಕಿದ್ರಾ?"

"ಅವನು ಬರೋದಕ್ಕೆ ನಿಮ್ಮ ಆಕ್ಷೇಪಣೆ ಇದ್ರೆ ಹೇಳಿ. ಅದೂ ನಿಮ್ಮ ಹಕ್ಕು."

ಅವರು ರಾಟೆಯ ಕಡೆ ನೋಡಿದರು. "ಈ ಮುದುಕಿ ಮಗನ್ನ ಕಾದು ಕಾದು ಕಣ್ಣು ಕಳ್ಕೊಂಡೈತೆ. ಬರಬ್ಯಾಡ ಅಂತ ಹೆಂಗನ್ಲಿ? ಬರ್ಲಿ."

ಆಗ ನನ್ನ ವರದಿಯ ವಿಷಯ ಹೇಳಲೇಬೇಕಾಯಿತು. ಮಗ್ಗ ಅಪ್ಪನದು, ಬಂದು ನೇಯುತ್ತಾನೆ ಎಂದು ಬರೆದಾಗಿದೆ, ಅವನಿಗೂ ಹೇಳಿಯಾಗಿದೆ ಎಂದೆ. ಸರೋಜ ಗುಂಡಿಯಿಂದ ಎದ್ದು ನಿಂತಳು. ಅವಳು ಅಷ್ಟು ಎತ್ತರದ ಹುಡುಗಿ ಎಂದು ನಾನು ನೋಡಿದ್ದು ಅವತ್ತೇ.

"ಅಪ್ಪ ಬರ್ಲಿ. ಮನೆ ಅವರ್ದು, ನಾನಿರೋವರೆಗೂ ಅನ್ನ ಹಾಕ್ತೀನಿ. ಆದ್ರೆ ಈ ಗುಂಡಿಗೆ ಇಳಿಯೋಳು ನಾನು. ಪಕ್ಕದಾಗೆ ಕೂರೋರು ಈಶ್ವರಮ್ಮತ್ತೆ. ಅಪ್ಪ ಮಗ್ಗಕ್ಕೆ ಬಂದ್ರೆ ನಾನು ಈ ಕಡೆ ಹಲಗೆಗೆ ಬರ್ಬೇಕು, ಇವರು ಎದ್ದು ಹೋಗ್ಬೇಕು. ನಮ್ಮಪ್ಪನಿಂದ ಇವರ ಅನ್ನ ಎರಡನೇ ಸಲ ಹೋಗ್ಬೇಕಾ? ಆಗಲ್ಲ."

"ಇದನ್ನ ಹೀಗೇ ಬರೆದ್ರೆ ನಿಮ್ಮಪ್ಪನ ಬಿಡುಗಡೆ ನಿಂತು ಹೋಗಬಹುದು ಸರೋಜ."

ಲಕ್ಷ್ಮವ್ವನ ರಾಟೆ ನಿಂತಿತು. ಸರೋಜಳ ಕಣ್ಣು ತುಂಬಿಕೊಂಡಿತು, ದನಿ ಮಾತ್ರ ಅಲ್ಲಾಡಲಿಲ್ಲ. "ಬರೀರಿ. ಸುಳ್ಳು ಹೇಳಿ ಕರ್ಸ್ಕೊಂಡ್ರೆ, ಬಂದ ದಿನಾನೇ ಜಗಳ ಶುರುವಾಗ್ತೈತೆ. ಈ ಮನೆಗೆ ಒಂದು ಜಗಳ ಸಾಕು."

ಸಾಹೇಬರ ಹತ್ತಿರ ಹೋಗಿ ಎರಡನೇ ವರದಿ ಕಳಿಸಬೇಕು ಎಂದೆ. "ಎರಡನೇದು ಹೋದ್ರೆ ಮೊದಲನೇದು ಸುಳ್ಳು ಅಂತ ಆಗುತ್ತಲ್ರೀ" ಎಂದರು. ಸುಳ್ಳೇ ಸಾರ್ ಎಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಆತನ ಹೆಸರು ಈ ಸಲದ ಬಿಡುಗಡೆ ಪಟ್ಟಿಯಿಂದ ಬಿದ್ದು ಹೋಗುತ್ತೆ. ಅಷ್ಟರಲ್ಲಿ ಆ ಮುದುಕಿ ಹೋಗಿಬಿಟ್ರೆ ಯಾರು ಹೊಣೆ? ನೀವಾ?"

ಆ ಮಾತು ನಾಟಿತು, ಇಲ್ಲ ಎನ್ನುವುದಿಲ್ಲ. ಎರಡು ದಿನ ಪೆನ್ನು ಮುಟ್ಟಲಿಲ್ಲ. ಸುಮ್ಮನಿದ್ದರೆ ನಾಗಭೂಷಣ ಹೊರಗೆ ಬರುತ್ತಾನೆ, ಲಕ್ಷ್ಮವ್ವನ ಆಸೆ ತೀರುತ್ತದೆ, ನನಗೂ ಶಹಬ್ಬಾಸ್. ಆದರೆ ಅವನು ಕೈಯಲ್ಲಿ ನನ್ನ ಮಾತು ಹಿಡಿದು ಬರುತ್ತಾನೆ. ಮಗ್ಗ ಕಾಯುತ್ತಿದೆ ಎಂದು ಸರ್ಕಾರದ ಮೇಡಂ ಹೇಳಿದ್ದಾರೆ ಎಂದು ಈಶ್ವರಮ್ಮನನ್ನು ಆ ಹಲಗೆಯಿಂದ ಎಬ್ಬಿಸುತ್ತಾನೆ. ಬಾಷಾನ ಮಗಳು ಕೊಡವಿದ ಖಾಲಿ ಚೀಲ ಕಣ್ಣ ಮುಂದೆ ಬಂತು. ಮೂರನೇ ದಿನ ಬರೆದೆ. "ಮಗ್ಗ ಮಗಳ ಕೈಯಲ್ಲಿದೆ. ಆಕೆ ಬಿಟ್ಟುಕೊಡುವುದಿಲ್ಲ, ಬಿಟ್ಟುಕೊಡೆಂದು ನಾನೂ ಹೇಳುವುದಿಲ್ಲ. ಮೃತನ ಪತ್ನಿ ಅದೇ ಮಗ್ಗದಲ್ಲಿ ದುಡಿಯುತ್ತಾರೆ. ಕೈದಿ ಮನೆಗೆ ಬರಲು ಇಬ್ಬರ ಆಕ್ಷೇಪಣೆಯೂ ಇಲ್ಲ. ಹಿಂದಿನ ವರದಿ ನನ್ನ ತಪ್ಪು."

ಸಾಹೇಬರು ಓದಿ ಜೀವನೋಪಾಯದ ಕಾಲಂ ಮೇಲೆ ಬೆರಳಿಟ್ಟರು. ಅದು ಖಾಲಿಯಿತ್ತು. "ಇದು ತುಂಬದೆ ಕಡತ ಮೇಲೆ ಹೋಗಲ್ಲ. ಒಂದು ವಾರ ಟೈಮು."

ಮೊದಲು ಬಳ್ಳಾರಿಗೆ ಹೋದೆ. ನಾಗಭೂಷಣನ ಮುಂದೆ ಕೂತು ಮಗ್ಗ ನಿಮಗೆ ಸಿಗುವುದಿಲ್ಲ, ನಾನು ಹೇಳಿದ್ದು ತಪ್ಪು ಎಂದೆ. ತಲೆಯಾಡಿಸಿದ. ಪಕ್ಕದ ಹಲಗೆಯಲ್ಲಿ ಯಾರು ಕೂರುತ್ತಾರೆ ಎಂದು ಹೇಳಿದಾಗ ಅವನ ಮುಖದ ರಕ್ತ ಇಳಿದುಹೋಯಿತು.

"ಈಶ್ವರಕ್ಕ? ನಮ್ಮನೆಯಾಗಾ?" ಎಂದ. "ಹಂಗಾದ್ರೆ ನಾನು ಬರಲ್ಲ ಮೇಡಂ. ಯಾವ ಮುಖ ಇಟ್ಕೊಂಡು ಬರ್ಲಿ? ಇಲ್ಲೇ ಇರ್ತೀನಿ, ಬರ್ಕೊಳ್ರಿ."

ನನಗೆ ಸಿಟ್ಟು ಬಂತು. "ಅವರು ಆರು ವರ್ಷದಿಂದ ದಿನಾ ನಿಮ್ಮ ಹೊಸಿಲು ದಾಟಿ ಬರ್ತಾ ಇದ್ದಾರೆ. ಊರಿನವರ ಬಾಯಿಗೆ ಸಿಕ್ಕಿ ಬರ್ತಾ ಇದ್ದಾರೆ. ಹೊಡೆದವರು ನೀವು, ನಿಮಗೆ ಮುಖ ಇಲ್ವಾ? ಇಲ್ಲಿ ಗೋಡೆ ಇದೆ ಅಂತ ಬಚ್ಚಿಟ್ಕೊಳ್ತೀರಾ?" ಎಂದೆ. ಕಾವಲಿನವನು ಇಣುಕಿ ನೋಡಿದ. ಹೀಗೆ ಕೈದಿಯ ಮೇಲೆ ರೇಗಬಾರದು ಎಂದು ನಿಮ್ಮ ತರಬೇತಿಯಲ್ಲಿ ಹೇಳುತ್ತಾರೆ. ನನಗೂ ಹೇಳಿದ್ದರು.

ಅಲ್ಲಿಂದ ಕೊಂಡ್ಲಹಳ್ಳಿಗೆ ಹೋಗಿ ನಡೆದದ್ದೆಲ್ಲ ಹೇಳಿದೆ. ಈ ಸಲ ಈಶ್ವರಮ್ಮ ಹಿತ್ತಿಲಿಗೆ ಹೋಗಲಿಲ್ಲ. ಬರಲ್ಲ ಅಂತಾನೆ, ಬಂದರೂ ಮಾಡಲು ಕೆಲಸವಿಲ್ಲ, ಆ ಕಾಲಂನಲ್ಲಿ ನಾನು ಏನು ಬರೆಯಲಿ ಎಂದೆ. ಆಗ ಲಕ್ಷ್ಮವ್ವ ರಾಟೆಯನ್ನು ಎರಡೂ ಕೈಯಿಂದ ಮುಂದಕ್ಕೆ ತಳ್ಳಿದರು.

"ಇದನ್ನ ಬರೀರಿ. ನನ್ನ ಕೈ ನಡುಗ್ತೈತೆ, ನೂಲು ಹರೀತೈತೆ. ನನ್ನ ಜಾಗ ಅವನಿಗೆ ಕೊಡ್ತೀನಿ. ಕಂಡಿಕೆ ಸುತ್ತಿ ಈ ಇಬ್ಬರು ಹೆಣ್ಣುಮಕ್ಕಳಿಗೆ ಕೊಡ್ಲಿ. ಆಗಲ್ಲ ಅಂದ್ರೆ ನನ್ನ ಮಗನೇ ಅಲ್ಲ ಅಂತ ಹೇಳ್ರಿ."

ಕಂಡಿಕೆ ಸುತ್ತುವುದು ಮುದುಕಿಯರು, ಮಕ್ಕಳು ಮಾಡುವ ಕೆಲಸ. ಗುಂಡಿಯಲ್ಲಿ ಕೂತು ನೇಯ್ದ ಗಂಡಸು ಆ ಮೂಲೆಗೆ ಹೋಗಿ ಕೂರುವುದಿಲ್ಲ. ಸರೋಜ ಈಶ್ವರಮ್ಮನ ಮುಖ ನೋಡಿದಳು. ಈಶ್ವರಮ್ಮ ಲಾಳಿ ಕೆಳಗಿಟ್ಟು ನನಗೆ ಹೇಳಿದರು. "ನನ್ನದೂ ಬರ್ಕೊಳ್ರಿ. ಹಗಲು ಬರ್ಲಿ, ಎಲ್ರೂ ನೋಡ್ಲಿ. ಸುತ್ತಿದ ಕಂಡಿಕೆ ಬುಟ್ಟಿಗೆ ಹಾಕ್ಲಿ, ನನ್ನ ಕೈಗೆ ಕೊಡೋದು ಬ್ಯಾಡ. ನಾನಾಗಿ ಮಾತಾಡ್ಸೋವರೆಗೂ ಮಾತಾಡ್ಬಾರ್ದು. ನನ್ನ ಕಾಲಿಗೆ ಬೀಳ್ಬಾರ್ದು. ಬಿದ್ರೆ ಜನ ನೋಡ್ತಾರೆ, ನಾನು ಎಬ್ಬಿಸ್ಬೇಕಾಗ್ತೈತೆ."

ಈ ಮಾತುಗಳನ್ನು ಒಂದೂ ಬಿಡದೆ ನಾಗಭೂಷಣನಿಗೆ ಓದಿ ಹೇಳಿದೆ. ಕಾಲಿಗೆ ಬೀಳಬಾರದು ಎಂಬಲ್ಲಿ ಅವನು ಕಣ್ಣು ಮುಚ್ಚಿಕೊಂಡ. "ಅದೊಂದೇ ನನಗೆ ಮಾಡಾಕೆ ಗೊತ್ತಿದ್ದಿದ್ದು ಮೇಡಂ" ಎಂದ. ಆಮೇಲೆ, "ಸುತ್ತುತೀನಿ ಅಂತ ಹೇಳ್ರಿ."

ಜೀವನೋಪಾಯ: ಕಂಡಿಕೆ ಸುತ್ತುವುದು. ಸಾಹೇಬರು ಓದಿ "ಗಂಡಸಿಗೆ ಇದೊಂದು ಜೀವನೋಪಾಯವೇನ್ರೀ?" ಎಂದರು. ಬರೆದಿದ್ದೇನೆ ಸಾರ್, ಕಳಿಸಿ ಎಂದೆ. ಕಳಿಸಿದರು, ಜೊತೆಗೆ ನನಗೊಂದು ಮೆಮೊ ಕೊಟ್ಟರು. ಅದು ಈಗಲೂ ನನ್ನ ಕಪಾಟಿನಲ್ಲಿದೆ. ಅವರು ಹೇಳಿದಂತೆಯೇ ಆ ಪಟ್ಟಿಯಿಂದ ಹೆಸರು ಬಿತ್ತು. ಮುಂದಿನ ಪಟ್ಟಿಗೆ ಎಂಟು ತಿಂಗಳು ಹಿಡಿಯಿತು. ನಡುವೆ ಲಕ್ಷ್ಮವ್ವ ಜ್ವರ ಬಂದು ಹದಿನೈದು ದಿನ ಮಲಗಿದರು. ಮುದುಕಿ ಎದ್ದು ಕೂತರು, ನನ್ನ ಪುಣ್ಯ.

ಆ ಎಂಟು ತಿಂಗಳನ್ನು ನಾವು ಸುಮ್ಮನೆ ಕಳೆಯಲಿಲ್ಲ. ಇಲ್ಲಿ ಹೊಸಬರು ಗಮನಿಸಬೇಕು. ಮನೆಗೆ ಸುಣ್ಣ ಬಳಿಯುವುದು ಸಿದ್ಧತೆಯಲ್ಲ. ಹದಿನಾಲ್ಕು ವರ್ಷ ಒಳಗಿದ್ದವನು ಬಾಗಿಲನ್ನು ತಾನಾಗಿ ತೆಗೆಯುವುದಿಲ್ಲ, ಯಾರಾದರೂ ತೆಗೆಯಲಿ ಎಂದು ನಿಲ್ಲುತ್ತಾನೆ. ದೀಪ ಆರಿಸಿದರೆ ನಿದ್ದೆ ಬರುವುದಿಲ್ಲ. ತಟ್ಟೆಯ ಮುಂದೆ ತಲೆ ಎತ್ತದೆ ಉಣ್ಣುತ್ತಾನೆ. ಹಿತ್ತಿಲಿಗೆ ಹೋಗಲೂ ಅಪ್ಪಣೆ ಕೇಳುತ್ತಾನೆ. ಇದನ್ನೆಲ್ಲ ಸರೋಜಳಿಗೆ ಹೇಳಿದೆ. ಅವಳು ಅವನ ಮಂಚವನ್ನು ಬೀದಿ ದೀಪ ಬೀಳುವ ಕಿಟಕಿಯ ಪಕ್ಕಕ್ಕೆ ಹಾಕಿಸಿದಳು. ಹನ್ನೊಂದು ವರ್ಷದವಳಿದ್ದಾಗಿನ ಮಗಳನ್ನೇ ಅವನು ಮನಸ್ಸಿನಲ್ಲಿಟ್ಟುಕೊಂಡಿರುತ್ತಾನೆ ಎಂದೆ. ಅವಳು ಈಗಿನ ತನ್ನ ಫೋಟೋ ತೆಗೆಸಿ ಜೈಲಿಗೆ ಕಳಿಸಿದಳು. ಗುಂಡಿಯಲ್ಲಿ ಕೂತ ಫೋಟೋ.

ಬಿಡುಗಡೆಯ ದಿನ ಸಾಹೇಬರು ಕೊನೆಯ ಬಸ್ಸು ಎಂದು ನೆನಪಿಸಿದರು. ಆ ಸಂಜೆ ಅವನನ್ನು ಹೊರಗೆ ಬಿಟ್ಟರೂ ಬಳ್ಳಾರಿಯ ಛತ್ರದಲ್ಲಿ ಉಳಿಸಿ, ಮರುದಿನ ಬೆಳಗಿನ ಬಸ್ಸಿಗೆ ಕರೆತಂದೆ. ಹತ್ತೂವರೆಗೆ ಕೊಂಡ್ಲಹಳ್ಳಿಯಲ್ಲಿ ಇಳಿದೆವು. ಬಸ್‌ಸ್ಟಾಪಿನಿಂದ ಮನೆಯವರೆಗೆ ಇಡೀ ಬೀದಿ. ಟೀ ಅಂಗಡಿಯಲ್ಲಿ ಮಾತು ನಿಂತಿತು. ಒಬ್ಬರು ಬೆನ್ನು ತಿರುಗಿಸಿದರು. ನಲ್ಲಿಯ ಹತ್ತಿರ ಬಂದಾಗ ಅವನ ಕಾಲು ನಿಂತುಹೋಯಿತು. ನಡೀರಿ ಎಂದೆ. ನಡೆದ.

ಅವತ್ತು ಒಂದು ದಿನ ಮನೆಯಲ್ಲಿರಿ ಎಂದು ಈಶ್ವರಮ್ಮನಿಗೆ ಹೇಳಿದ್ದೆ. "ನಾನ್ಯಾಕೆ ರಜ ತಗೊಳ್ಲಿ?" ಎಂದಿದ್ದರು. ಮನೆ ಮುಂದೆ ಹೋದಾಗ ಮಗ್ಗ ನಡೆಯುತ್ತಿತ್ತು. ಬಾಗಿಲು ತೆರೆದೇ ಇತ್ತು. ಆದರೂ ಅವನು ಹೊಸಿಲಾಚೆ ನಿಂತ, ಯಾರಾದರೂ ಹೇಳಲಿ ಎಂದು. "ಬಾ ಅಪ್ಪ, ಬಾಗಿಲು ತೆಗ್ದೈತೆ" ಎಂದಳು ಸರೋಜ, ಗುಂಡಿಯಿಂದಲೇ. ಲಕ್ಷ್ಮವ್ವ ಅವನ ಮುಖವನ್ನು ಎರಡೂ ಕೈಯಲ್ಲಿ ಹಣೆಯಿಂದ ಗಲ್ಲದವರೆಗೆ ಮುಟ್ಟಿ ಮುಟ್ಟಿ ನೋಡಿದರು. ಅಳುತ್ತಲೇ ಅವನ ಕೈ ಹಿಡಿದು ರಾಟೆಯ ಮುಂದೆ ಕೂರಿಸಿದರು. ಈಶ್ವರಮ್ಮ ಅಷ್ಟೂ ಹೊತ್ತು ಅಂಚಿನಿಂದ ಕಣ್ಣೆತ್ತಲಿಲ್ಲ. ಲಾಳಿ ಒಂದು ಸಲವೂ ತಪ್ಪಲಿಲ್ಲ.

ಒಂದು ವರ್ಷ ನಾನು ಹೋಗಿ ಬರುತ್ತಿದ್ದೆ, ಅದೂ ಇನ್ನೊಂದು ಸರ್ಕಾರಿ ನಮೂನೆ ತುಂಬಲು. ಪ್ರತಿ ಸಲವೂ ಅದೇ ನೋಟ. ಅವನು ಮೂಲೆಯಲ್ಲಿ ಸುತ್ತಿ ಬುಟ್ಟಿಗೆ ಹಾಕುವುದು, ಅವರು ಬುಟ್ಟಿಯಿಂದ ತೆಗೆದುಕೊಳ್ಳುವುದು. ಏನಾದರೂ ಹೇಳಬೇಕಾದರೆ ಈಶ್ವರಮ್ಮ "ಸರೋಜ, ಕೆಂಪು ಮುಗೀತು ಅಂತ ಹೇಳು" ಎನ್ನುವರು. ಅವನು ಮೂರು ಮಾರು ದೂರದಲ್ಲಿ ಕೂತು ಕೇಳಿಸಿಕೊಂಡಿದ್ದರೂ ಸರೋಜ ಹೇಳುವವರೆಗೆ ಕಾಯುವನು.

ಕೊನೆಯ ಭೇಟಿಯ ದಿನ ನಾನು ನಮೂನೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಈಶ್ವರಮ್ಮನ ಲಾಳಿ ಅರ್ಧದಲ್ಲೇ ಸಿಕ್ಕಿಕೊಂಡಿತು. ತೆಗೆದು ನೋಡಿದರು, ನೂಲು ಕುಸಿದು ಗಂಟಾಗಿತ್ತು. ಸರೋಜಳ ಕಡೆ ತಿರುಗಿದರು. ಅವಳು ಹರಿದ ಎಳೆಗೆ ಗಂಟು ಹಾಕುತ್ತ ಬಗ್ಗಿದ್ದಳು. ಈಶ್ವರಮ್ಮ ಒಂದು ಗಳಿಗೆ ಹಾಗೇ ಕೂತಿದ್ದು ಆ ಕಂಡಿಕೆಯನ್ನು ಎತ್ತಿ ಮೂಲೆಯ ಕಡೆ ಚಾಚಿದರು.

"ನಾಗಭೂಷಣ, ಸಡಿಲ ಐತೆ. ಬಿಗಿಯಾಗಿ ಸುತ್ತು."

ರಾಟೆ ನಿಂತಿತು. ಅವನು ಎದ್ದು ಬಂದು, ಅವರ ಕೈಯಿಂದ ಕಂಡಿಕೆ ತೆಗೆದುಕೊಂಡ. "ಆತು ಅಕ್ಕ" ಎಂದ. ಮತ್ತೆ ಹೋಗಿ ಕೂತು ಬಿಚ್ಚಿ ಸುತ್ತತೊಡಗಿದ. ಲಕ್ಷ್ಮವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ನಮೂನೆಯ ಕೊನೆಯ ಕಾಲಂ, ಮೃತನ ಕುಟುಂಬದೊಂದಿಗೆ ಈಗಿನ ಸಂಬಂಧ. ಬಸ್ಸಿಗೆ ಕಾಯದೆ ಅಲ್ಲೇ ಕೂತು, ಅಲುಗಾಡದ ಅಕ್ಷರದಲ್ಲಿ ತುಂಬಿದೆ. "ಕೆಲಸ ಕೆಟ್ಟರೆ ನೇರವಾಗಿ ಹೇಳುತ್ತಾರೆ." ಸಾಹೇಬರು ಅದರ ಕೆಳಗೆ ಕೆಂಪು ಗೆರೆ ಎಳೆದು, ಇದರರ್ಥ ರಾಜಿಯಾಗಿದೆ ಎಂದೋ ಇಲ್ಲವೆಂದೋ ಸ್ಪಷ್ಟಪಡಿಸಿ ಎಂದು ವಾಪಸು ಕಳಿಸಿದರು. ಒಂದಕ್ಷರ ತಿದ್ದದೆ ಹಾಗೇ ತಿರುಗಿ ಕಳಿಸಿದೆ.